ಸ್ಪೇನಿನ ಕಾರ್ಕ್ ಕಾಡಿನಲ್ಲಿ ನಡಿಗೆ: ಜುಲೈನಲ್ಲಿ ಹೋಗಬಹುದಾ?

ಸಕಲೇಶಪುರದವಳು
ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ಸ್ಪೇನಿನ ಮಾಲಗಾದಲ್ಲಿ ಕೆಲಸದಲ್ಲಿದ್ದಾನೆ. ಜುಲೈ ಮೂರನೇ ವಾರ ನಾನು, ನಮ್ಮ ಯಜಮಾನರು, ಮಗಳು, ಅಮ್ಮ ಎಲ್ಲರೂ ಅವನ ಮನೆಗೆ ಹೋಗುತ್ತಿದ್ದೇವೆ. ಬೀಚು, ಕೋಟೆ, ಅರಮನೆ ಎಲ್ಲ ಅವನೇ ತೋರಿಸುತ್ತಾನೆ. ನನಗೆ ಬೇಕಿರುವುದು ಒಂದು ಕಾಡು. ಹತ್ತಿರದಲ್ಲೇ ಲೊಸ್ ಅಲ್ಕೊರ್ನೊಕಾಲೆಸ್ ಅನ್ನುವ ನಿಸರ್ಗ ಉದ್ಯಾನ ಇದೆಯಂತೆ. ಪೂರ್ತಿ ಕಾರ್ಕ್ ಮರಗಳ ಕಾಡು ಅಂತ ಓದಿದೆ. ಅಲ್ಲಿನ ಪಿಕಾಚೊ ಅನ್ನುವ ಗುಡ್ಡ ಹತ್ತಬೇಕು ಅಂತ ಆಸೆ. ಮಗಳಿಗೆ ಹನ್ನೊಂದು ವರ್ಷ, ಚೆನ್ನಾಗಿ ನಡೆಯುತ್ತಾಳೆ. ಅಮ್ಮ ತೋಟದಲ್ಲಿ ದಿನಾ ಓಡಾಡುವವರು, ಆದರೆ ಕಡಿದಾದ ಏರು ಕಷ್ಟ. ಜುಲೈನಲ್ಲಿ ಹೋಗಬಹುದಾ? ಅನುಮತಿ ಬೇಕಾ? ಯಾರಾದರೂ ನಡೆದವರಿದ್ದರೆ ಹೇಳಿ.

ಜಲಸಂಧಿ_ದಡ
ಅಕ್ಕಾ, ನಾನು ಅಲ್ಹೆಸೀರಾಸ್ ಬಂದರಿನಲ್ಲಿ ಕೆಲಸ ಮಾಡುತ್ತೇನೆ. ಈ ಕಾಡು ನಮ್ಮ ಊರಿನ ಬೆನ್ನಿಗೇ ಶುರುವಾಗುತ್ತದೆ. ರಜೆ ಸಿಕ್ಕರೆ ನನ್ನ ಕಾಲು ಅತ್ತ ಕಡೆಗೇ.

ನೇರವಾಗಿ ಹೇಳಿಬಿಡುತ್ತೇನೆ. ಜುಲೈನಲ್ಲಿ ಕಾಡು ನೋಡಬಹುದು, ಪಿಕಾಚೊ ಹತ್ತುವುದು ಬೇಡ.

ಊರಿನಲ್ಲಿ ನಮಗೆ ಜುಲೈ ಅಂದರೆ ಮಳೆ, ಜಿಗಣೆ, ಜಾರುವ ಹಾದಿ. ಇಲ್ಲಿ ಲೆಕ್ಕ ತಿರುಗುಮುರುಗು. ಮಳೆ ಬೀಳುವುದು ಅಕ್ಟೋಬರಿನಿಂದ ಏಪ್ರಿಲ್ ತನಕ. ಜೂನ್ ಬಂತು ಅಂದರೆ ಮೂರು ತಿಂಗಳು ಮೋಡ ಕಂಡರೂ ಮಳೆ ಅಪರೂಪ. ಬಿಸಿಲು ಅತಿ ಜಾಸ್ತಿ ಇರುವ ತಿಂಗಳಲ್ಲೇ ನೀರು ಅತಿ ಕಡಿಮೆ. ಮೆಡಿಟರೇನಿಯನ್ ಕಾಡಿನ ಗಿಡ, ಮರ, ಪ್ರಾಣಿ, ಜನ ಎಲ್ಲರ ಬದುಕೂ ಈ ಒಂದು ಸಂಗತಿಯ ಸುತ್ತಲೇ ತಿರುಗುತ್ತದೆ. ಎಲೆಗಳು ಚಿಕ್ಕವು, ದಪ್ಪ, ಮೇಣ ಹಚ್ಚಿದ ಹಾಗೆ ಬಿರುಸು. ನೀರು ಆವಿಯಾಗದಂತೆ ಹಿಡಿದಿಟ್ಟುಕೊಳ್ಳುವ ಉಪಾಯ ಅದು. ಕೆಳಗಿನ ಪೊದೆಗಳಲ್ಲಿ ಅಂಟು, ಎಣ್ಣೆ, ವಾಸನೆ. ಮಧ್ಯಾಹ್ನ ಮುಟ್ಟಿದರೆ ಕೈಗೆ ಮೆತ್ತುತ್ತದೆ. ಬೆಂಕಿಗೆ ಅದೇ ತುಪ್ಪ.

ಅದಕ್ಕೇ ನಮ್ಮ ಈ ದಕ್ಷಿಣ ಸ್ಪೇನಿನ ಆಂದಲೂಸಿಯಾದಲ್ಲಿ ಜೂನ್ 1ರಿಂದ ಅಕ್ಟೋಬರ್ 15ರವರೆಗೆ ಬೆಂಕಿ ಅಪಾಯ ಅತಿ ಹೆಚ್ಚಿರುವ ಕಾಲ ಅಂತ ಘೋಷಣೆ ಇರುತ್ತದೆ. ಕಾಡಿನ ಪ್ರದೇಶದಲ್ಲಿ ಒಲೆ ಹಚ್ಚುವುದು, ಬಾರ್ಬೆಕ್ಯೂ ಎಲ್ಲ ನಿಷೇಧ. ಪಕ್ಕದ ಗ್ರಸಲೇಮಾ ಉದ್ಯಾನದಲ್ಲಿ ಪಿನ್ಸಾಪೊ ಎಂಬ ಅಪರೂಪದ ಫರ್ ಮರಗಳ ಕಾಡಿದೆ. ಅಲ್ಲಿಗೆ ಈ ಅವಧಿಯಲ್ಲಿ ನಡಿಗೆಗೆ ಬಿಗಿ ಕಟ್ಟುಪಾಡು ಇರುತ್ತದೆ. 2021ರ ಸೆಪ್ಟೆಂಬರಿನಲ್ಲಿ ಮಾಲಗಾ ಪ್ರಾಂತ್ಯದ ಸಿಯೆರಾ ಬೆರ್ಮೆಹಾದಲ್ಲಿ ಬೆಂಕಿ ಬಿದ್ದು ಸುಮಾರು 10,000 ಹೆಕ್ಟೇರ್ ಸುಟ್ಟುಹೋಯಿತು. ಬೆಂಕಿ ಆರಿಸಲು ಹೋದ ಒಬ್ಬರು ತೀರಿಕೊಂಡರು. ಇಲ್ಲಿನವರು ಆ ವಾರವನ್ನು ಮರೆತಿಲ್ಲ.

ಪಿಕಾಚೊ ಸುಮಾರು 880 ಮೀಟರ್. ದೂರ ಜಾಸ್ತಿ ಇಲ್ಲ, ಏರು ಕಡಿದು, ಮೇಲಿನ ಭಾಗದಲ್ಲಿ ಬರೀ ಬಂಡೆ, ನೆರಳಿಲ್ಲ. ಉದ್ಯಾನದ ಅತಿ ಎತ್ತರದ ಶಿಖರ ಅಲ್ಹಿಬೆ, 1,090 ಮೀಟರಿನ ಆಸುಪಾಸು. ಗಾಳಿ ತಿಳಿಯಾಗಿದ್ದ ದಿನ ಅಲ್ಲಿಂದ ಆಫ್ರಿಕಾದ ರಿಫ್ ಬೆಟ್ಟಗಳು ಕಾಣುತ್ತವೆ. ಎರಡಕ್ಕೂ ಮೊದಲೇ ಅನುಮತಿ ತೆಗೆದುಕೊಳ್ಳಬೇಕು. ದುಡ್ಡಿಲ್ಲ, ಆದರೆ ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇರುತ್ತದೆ. ಈ ಎರಡನ್ನೂ ನವೆಂಬರಿನಿಂದ ಮೇ ಒಳಗೆ ಇಟ್ಟುಕೊಳ್ಳಿ.

ಜುಲೈಗೆ ಬೇರೆ ದಾರಿ ಇದೆ. ರಾತ್ರಿ ಪಾಳಿ ಮುಗಿಸಿ ಬಂದು ಬರೆಯುತ್ತೇನೆ.

ಹಳೇ_ಚಾರಣಿಗ
ಜಲಸಂಧಿಯವರು ಹೇಳಿದ್ದು ಸರಿ. ನಮ್ಮಲ್ಲೂ ಕಾಡಿನ ಬೆಂಕಿ ಬೀಳುವುದು ಒಣ ಕಾಲದಲ್ಲೇ. 2019ರ ಫೆಬ್ರವರಿಯಲ್ಲಿ ಬಂಡೀಪುರ ಹೇಗೆ ಉರಿಯಿತು ಅಂತ ಎಲ್ಲರಿಗೂ ನೆನಪಿದೆ. ವ್ಯತ್ಯಾಸ ಏನೆಂದರೆ, ನಮ್ಮ ಒಣ ಕಾಲ ಶಾಲೆ ಪರೀಕ್ಷೆಯ ಹೊತ್ತು. ಅವರದ್ದು ಜಗತ್ತೆಲ್ಲ ಪ್ರವಾಸ ಹೊರಡುವ ಹೊತ್ತು. ಅದಕ್ಕೇ ಅಲ್ಲಿ ಇನ್ನೂ ಕಷ್ಟ.

ಬೇಲಿಹೂ
ಒಂದು ಪ್ರಶ್ನೆ. ಈ ಕಾರ್ಕ್ ಅಂದರೆ ಮರದ ತೊಗಟೆ ಸುಲಿದು ತೆಗೆಯುವುದು ತಾನೇ? ಫೋಟೋ ನೋಡಿದೆ. ಕಾಂಡ ಪೂರ್ತಿ ಬೋಳು, ಕೆಂಪಗೆ. ನೋಡಿ ಹೊಟ್ಟೆ ತೊಳಸಿತು. ನಿಸರ್ಗ ಉದ್ಯಾನ ಅಂತ ಹೆಸರಿಟ್ಟು ಮರದ ಚರ್ಮ ಸುಲಿದರೆ ಅದೆಂಥ ರಕ್ಷಣೆ? ಅಂಥ ಜಾಗಕ್ಕೆ ಹೋಗಿ ನಾವು ನೋಡುವುದೇನು?

ಜಲಸಂಧಿ_ದಡ
ಬೇಲಿಹೂ ಅವರೇ, ಒಳ್ಳೆ ಪ್ರಶ್ನೆ. ಇದಕ್ಕೆ ಸ್ವಲ್ಪ ಉದ್ದವಾಗಿಯೇ ಉತ್ತರ ಕೊಡಬೇಕು. ಈ ಕಾಡಿನ ತಿರುಳೇ ಇದು.

ಬೇರೆ ಮರದ ತೊಗಟೆಯನ್ನು ಸುತ್ತಲೂ ಸುಲಿದರೆ ಮರ ಸಾಯುತ್ತದೆ. ಕಾರ್ಕ್ ಓಕ್ ಸಾಯುವುದಿಲ್ಲ. ಹೊರಗಿನ ದಪ್ಪ ಪದರ ಸತ್ತ ಕೋಶಗಳದ್ದು, ಒಳಗೆ ಗಾಳಿ ತುಂಬಿರುತ್ತದೆ. ಅದರಡಿ ಒಂದು ಜೀವಂತ ಪದರ ಇದೆ. ಇಲ್ಲಿನವರು ಅದನ್ನು ತಾಯಿ ಅಂತಲೇ ಕರೆಯುತ್ತಾರೆ. ತಾಯಿ ಪದರಕ್ಕೆ ಏಟು ಬೀಳದಿದ್ದರೆ ಹೊಸ ಕಾರ್ಕ್ ಮತ್ತೆ ಬೆಳೆಯುತ್ತದೆ. ಒಂದು ಸಲ ಸುಲಿದ ಮರವನ್ನು ಕಡಿಮೆ ಅಂದರೂ ಒಂಬತ್ತು ವರ್ಷ ಮುಟ್ಟುವ ಹಾಗಿಲ್ಲ. ಮೊದಲನೇ ಸುಲಿತಕ್ಕೆ ಮರ ಸುಮಾರು 25-30 ವರ್ಷದ್ದಾಗಿರಬೇಕು. ಆ ಮೊದಲ ಬೆಳೆ ಒರಟು, ಬಾಟಲಿ ಬಿರಡೆಗೆ ಆಗದು. ಎರಡನೆಯದೂ ಆಗದು. ಮೂರನೆಯದು ಬರುವ ಹೊತ್ತಿಗೆ ಮರ ನೆಟ್ಟವರ ಮಕ್ಕಳು ಮಧ್ಯವಯಸ್ಸಿಗೆ ಬಂದಿರುತ್ತಾರೆ. ಇಷ್ಟು ತಾಳ್ಮೆ ಇರುವ ಬೆಳೆ ನನಗಂತೂ ಬೇರೆ ಗೊತ್ತಿಲ್ಲ.

ಸುಲಿಯುವುದನ್ನು ನಾನು ನಿಂತು ನೋಡಿದ್ದೇನೆ. ಜೂನಿನಿಂದ ಆಗಸ್ಟ್ ಒಳಗೆ, ಮರದ ರಸ ಏರಿ ತೊಗಟೆ ಸಡಿಲ ಆಗಿರುವಾಗ ಮಾತ್ರ ಈ ಕೆಲಸ. ಬೆಳಕು ಹರಿಯುವ ಮೊದಲೇ ತಂಡ ಕಾಡಿನಲ್ಲಿರುತ್ತದೆ. ಒಂದು ಮರಕ್ಕೆ ಇಬ್ಬರು, ಎದುರುಬದುರು. ಕೈಯಲ್ಲಿ ಕೊಡಲಿ. ಅದರ ಕಾವಿನ ತುದಿ ಬೆಣೆಯ ಹಾಗೆ ಚಪ್ಪಟೆ. ತೊಗಟೆಯಲ್ಲಿ ಮೊದಲೇ ಇರುವ ಬಿರುಕು ಹುಡುಕಿ ಅದರ ಉದ್ದಕ್ಕೆ ಏಟು ಹಾಕುತ್ತಾರೆ. ಟೊಳ್ಳು ಸದ್ದು ಬಂದರೆ ಬಿಡುತ್ತದೆ ಅಂತ ಅರ್ಥ. ಗಟ್ಟಿ ಸದ್ದು ಬಂದರೆ ಆ ಮರವನ್ನು ಹಾಗೇ ಬಿಟ್ಟು ಮುಂದೆ ಹೋಗುತ್ತಾರೆ. ಕೊಡಲಿಯನ್ನು ಸ್ವಲ್ಪ ತಿರುಚಿ, ಕಾವಿನ ತುದಿಯನ್ನು ಒಳಗೆ ತೂರಿಸಿ ಮೀಟುತ್ತಾರೆ. ಚರ್‌ರ್ ಅಂತ ಸದ್ದಾಗಿ ಅಡಿಕೆ ಹಾಳೆಯ ಹಾಗೆ ಬಾಗಿದ ದೊಡ್ಡ ಹಲಗೆ ಕೈಗೆ ಬರುತ್ತದೆ. ಒಳಮೈ ತೇವ, ತಣ್ಣಗೆ. ಹೊಸದಾಗಿ ತೆರೆದ ಕಾಂಡ ಮೊದಲು ತಿಳಿ ಬಣ್ಣ. ಆಮೇಲೆ ಕಿತ್ತಳೆ, ಕಡುಕೆಂಪು, ವರ್ಷಗಳು ಕಳೆದಂತೆ ಕಪ್ಪು. ನೀವು ಫೋಟೋದಲ್ಲಿ ನೋಡಿದ್ದು ಆ ಕೆಂಪನ್ನೇ.

ಹಲಗೆಗಳನ್ನು ಕಡಿದಾದ ಇಳಿಜಾರಿನಿಂದ ಹೊತ್ತು ತರುವುದು ಹೇಸರಗತ್ತೆಗಳು. ಯಂತ್ರ ಹೋಗದ ಜಾಗ ಅದು. ಹೇಸರಗತ್ತೆ ಹೊಡೆಯುವುದು ಇಲ್ಲಿ ತಂದೆಯಿಂದ ಮಗನಿಗೆ ಬಂದ ಕಸುಬು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಈ ಉದ್ಯಾನ ಸುಮಾರು 1,70,000 ಹೆಕ್ಟೇರ್, 1989ರಲ್ಲಿ ಘೋಷಣೆ ಆಯಿತು. ಹೆಚ್ಚಿನ ಭಾಗ ಖಾಸಗಿ ಜಮೀನು. ಕಾರ್ಕ್‌ನಿಂದ ಆದಾಯ ಬರುವುದರಿಂದಲೇ ಆ ಮಾಲೀಕರು ಮರ ಕಡಿಯದೆ ಉಳಿಸಿಕೊಂಡಿದ್ದಾರೆ. ಕಾರ್ಕ್ ಉತ್ಪಾದನೆಯಲ್ಲಿ ಪೋರ್ಚುಗಲ್ ಮೊದಲು, ಸ್ಪೇನ್ ಎರಡನೆಯದು. ವೈನ್ ಬಾಟಲಿಗೆ ಪ್ಲಾಸ್ಟಿಕ್ ಬಿರಡೆ, ತಿರುಪು ಮುಚ್ಚಳ ಬಂದಾಗ ಇಲ್ಲಿನ ಜನಕ್ಕೆ ಚಿಂತೆ ಹತ್ತಿದ್ದು ಮಾರುಕಟ್ಟೆಯದ್ದಷ್ಟೇ ಅಲ್ಲ, ಕಾಡಿನದ್ದೂ ಹೌದು. ಬೆಲೆ ಇಲ್ಲದ ಮರವನ್ನು ಯಾರು ಕಾಯುತ್ತಾರೆ?

ಇನ್ನೊಂದು ಮುಖ್ಯ ಮಾತು. ಕಾರ್ಕ್ ಪದರ ಮರಕ್ಕೆ ಬೆಂಕಿಯ ಗುರಾಣಿ. ಬೆಂಕಿ ಹಾದುಹೋದ ಮೇಲೂ ಈ ಮರ ಮೇಲಿನ ಕೊಂಬೆಗಳಿಂದಲೇ ಚಿಗುರುತ್ತದೆ. ಆದರೆ ಈಗಷ್ಟೇ ಸುಲಿದ ಮರಕ್ಕೆ ಆ ಗುರಾಣಿ ಇರುವುದಿಲ್ಲ. ಅದೇ ಬೇಸಿಗೆಯಲ್ಲಿ ಬೆಂಕಿ ಬಿದ್ದರೆ ಮೊದಲು ಸಾಯುವುದು ಅವೇ. ಅಂದರೆ ಮರಗಳು ಅತಿ ಅಸಹಾಯಕವಾಗಿರುವ ತಿಂಗಳುಗಳಲ್ಲೇ ಪ್ರವಾಸಿಗಳು ಅತಿ ಹೆಚ್ಚು ಬರುತ್ತಾರೆ. ಒಂದು ಸಿಗರೇಟು ತುಂಡು ಸಾಕು. ಜುಲೈ ಬೇಡ ಅಂತ ನಾನು ಒತ್ತಿ ಹೇಳುವುದಕ್ಕೆ ಇದೂ ಕಾರಣ.

ಬೇಲಿಹೂ
ಇಷ್ಟು ವಿವರವಾಗಿ ಬರೆದದ್ದಕ್ಕೆ ಧನ್ಯವಾದ. ಒಂಬತ್ತು ವರ್ಷದ ಲೆಕ್ಕ ನನಗೆ ಗೊತ್ತಿರಲಿಲ್ಲ. ಆದರೂ ಕೇಳುತ್ತೇನೆ, ತಾಯಿ ಪದರಕ್ಕೆ ಏಟು ಬಿದ್ದರೆ?

ಜಲಸಂಧಿ_ದಡ
ಬಿದ್ದರೆ ಆ ಗಾಯ ಮರದ ಮೇಲೆ ಉಳಿದುಬಿಡುತ್ತದೆ. ಆ ಭಾಗದಲ್ಲಿ ಮತ್ತೆ ಕಾರ್ಕ್ ಸರಿಯಾಗಿ ಬರುವುದಿಲ್ಲ, ಅಲ್ಲಿಂದ ರೋಗವೂ ನುಗ್ಗಬಹುದು. ಅದಕ್ಕೇ ಹೊಸಬರ ಕೈಗೆ ಕೊಡಲಿ ಬೇಗ ಕೊಡುವುದಿಲ್ಲ. ಮೊದಲು ಕೆಲವು ವರ್ಷ ಹಲಗೆ ಹೊರುವುದು, ರಾಶಿ ಹಾಕುವುದು. ನಡೆಯುವಾಗ ಹಳೆ ಮರಗಳ ಮೇಲೆ ಉದ್ದನೆ ಗಂಟುಗಂಟಾದ ಕಲೆ ಕಂಡರೆ, ಅದು ಯಾವತ್ತೋ ತಪ್ಪಿದ ಏಟು.

ತೋಟದಮನೆ
ರೋಗದ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. ನಾನು ಶೃಂಗೇರಿ ಕಡೆಯ ಅಡಿಕೆ ಬೆಳೆಗಾರ. ಸ್ಪೇನ್, ಪೋರ್ಚುಗಲ್ ಓಕ್ ಕಾಡುಗಳಲ್ಲಿ ಮರ ಒಣಗುವ ಒಂದು ದೊಡ್ಡ ಪಿಡುಗು ಇದೆ. ಬೇರು ಕೊಳೆತು ಮೇಲಿನಿಂದ ಮರ ಒಣಗುತ್ತಾ ಬರುತ್ತದೆ. ಬರಗಾಲವೂ ಸೇರಿ ಕಾರಣ ಹಲವು, ಅದರಲ್ಲಿ ಮುಖ್ಯವಾದದ್ದು ಫೈಟಾಫ್ತೊರಾ ಸಿನ್ನಮೋಮಿ ಅನ್ನುವ ಸೂಕ್ಷ್ಮಜೀವಿ. ನಮ್ಮ ಅಡಿಕೆ ಕೊಳೆರೋಗ, ಕಾಳುಮೆಣಸಿನ ಸೊರಗು ರೋಗ ತರುವುದೂ ಇದೇ ಫೈಟಾಫ್ತೊರಾ ಜಾತಿಯ ಅಣ್ಣತಮ್ಮಂದಿರು. ಇದು ಒದ್ದೆ ಮಣ್ಣಿನ ಜೊತೆ ಸಾಗುತ್ತದೆ. ಬೂಟಿಗೆ ಅಂಟಿದ ಕೆಸರು ಸಾಕು.

ಹಾಗಾಗಿ ಅಕ್ಕಾವ್ರೇ, ಊರಿನ ತೋಟದಲ್ಲಿ ಹಾಕಿಕೊಂಡು ಓಡಾಡಿದ ಬೂಟನ್ನೇ ಅಲ್ಲಿಗೆ ಒಯ್ಯುವುದಾದರೆ ಚೆನ್ನಾಗಿ ತೊಳೆದು, ಬ್ರಷ್ ಹಾಕಿ ಉಜ್ಜಿ, ಪೂರ್ತಿ ಒಣಗಿಸಿ ಒಯ್ಯಿರಿ. ಬರುವಾಗಲೂ ಹಾಗೇ. ಅಮ್ಮನವರ ಚಪ್ಪಲಿಯೂ ಸೇರಿ.

ಜಲಸಂಧಿ_ದಡ
ತೋಟದಮನೆಯವರೇ, ಇದನ್ನು ಇಲ್ಲಿನ ನಡಿಗೆ ಗುಂಪಿಗೂ ಹೇಳುತ್ತೇನೆ. ನೂರಾರು ವರ್ಷದ ಮರ ಎರಡು ಮೂರು ವರ್ಷದಲ್ಲಿ ಒಣಗಿ ನಿಲ್ಲುವುದನ್ನು ನೋಡಿದರೆ ಸಂಕಟ ಆಗುತ್ತದೆ.

ಸಕಲೇಶಪುರದವಳು
ಓದುತ್ತಾ ಓದುತ್ತಾ ಇನ್ನೂ ಆಸೆ ಜಾಸ್ತಿ ಆಯಿತು. ಬೂಟು ತೊಳೆಯುವುದು ಖಂಡಿತ. ದಿನಾಂಕ ಬದಲಿಸಲು ಆಗುವುದಿಲ್ಲ, ತಮ್ಮನ ರಜೆ ಅದೇ ವಾರ. ಜುಲೈಗೆ ಬೇರೆ ದಾರಿ ಇದೆ ಅಂದಿದ್ದಿರಲ್ಲ, ಅದು ಯಾವುದು?

ಜಲಸಂಧಿ_ದಡ
ರಿಯೊ ದೆ ಲಾ ಮಿಯೆಲ್. ಅಲ್ಹೆಸೀರಾಸ್ ಊರಂಚಿನ ಎಲ್ ಕೋಬ್ರೆ ಬಡಾವಣೆಯಿಂದ ಹೊರಡುವ ಹೊಳೆದಂಡೆಯ ಹಾದಿ. ಇದಕ್ಕೆ ಬೇಸಿಗೆಯಲ್ಲೂ ನಾನು ಹೋಗುತ್ತೇನೆ. ಏಕೆ ಅಂತ ಹೇಳಬೇಕಾದರೆ ಗಾಳಿಯ ವಿಷಯ ಹೇಳಬೇಕು.

ಇಲ್ಲಿ ಎರಡೇ ಗಾಳಿ. ಪಶ್ಚಿಮದ್ದು ಪೊನಿಯೆಂತೆ, ಪೂರ್ವದ್ದು ಲೆವಾಂತೆ. ಲೆವಾಂತೆ ಮೆಡಿಟರೇನಿಯನ್ ಸಮುದ್ರದ ತೇವ ಹೊತ್ತು ಬಂದು ಜಿಬ್ರಾಲ್ಟರ್ ಜಲಸಂಧಿಯ ಪಕ್ಕದ ಬೆಟ್ಟಗಳಿಗೆ ಬಡಿಯುತ್ತದೆ. ಮೇಲೇರಿ ತಣ್ಣಗಾಗಿ ಮಂಜಾಗುತ್ತದೆ. ಒಳನಾಡು ಕಾದು ಕೆಂಡವಾಗಿರುವ ದಿನವೂ ಈ ಬೆಟ್ಟಸಾಲಿನ ತಲೆ ಮೇಲೆ ಬಿಳಿ ಮೋಡ ಕೂತಿರುತ್ತದೆ. ಮರದೆಲೆಗೆ ತಾಗಿದ ಮಂಜು ಹನಿಯಾಗಿ ನೆಲಕ್ಕೆ ತೊಟ್ಟಿಕ್ಕುತ್ತದೆ. ಬೇಸಿಗೆಯಲ್ಲಿ ಮಳೆಯ ಬದಲು ಇದೇ ನೀರು.

ಆ ನೀರನ್ನು ನಂಬಿಕೊಂಡು ಆಳವಾದ ಇಕ್ಕಟ್ಟು ಕಣಿವೆಗಳಲ್ಲಿ ಬೇರೆಯೇ ಒಂದು ಕಾಡು ಬದುಕಿದೆ. ಇಲ್ಲಿ ಅದಕ್ಕೆ ಕನೂತೊ ಅನ್ನುತ್ತಾರೆ. ಹಿಮಯುಗಗಳಿಗೆ ಮೊದಲು ಯುರೋಪಿನ ದಕ್ಷಿಣ ಭಾಗ ಬೆಚ್ಚಗೆ ತೇವವಾಗಿದ್ದಾಗ ಇದ್ದ ಕಾಡಿನ ಉಳಿಕೆ. ಲಾರೆಲ್, ಆಲ್ಡರ್, ಜರಿಗಿಡಗಳು, ಪಾಂಟಿಕ್ ರೋಡೊಡೆಂಡ್ರಾನ್. ಲಾರೆಲ್ ಎಲೆ ಕಿವುಚಿ ಮೂಸಿದರೆ ಅಡುಗೆಮನೆ ವಾಸನೆ ಬರುತ್ತದೆ. ನಮ್ಮ ಪಲಾವ್ ಎಲೆ ಬೇರೆ ಜಾತಿ, ಸಸ್ಯ ಕುಟುಂಬ ಮಾತ್ರ ಒಂದೇ. ರೋಡೊಡೆಂಡ್ರಾನ್ ಹೂ ಬಿಡುವುದು ವಸಂತದಲ್ಲಿ, ಜುಲೈಗೆ ಸಿಗದು. ಇದೇ ಜಾತಿ ಇನ್ನೊಂದು ತುದಿಯಲ್ಲಿ ಕಪ್ಪು ಸಮುದ್ರದ ಸುತ್ತ ಇದೆ. ನಡುವಿನದೆಲ್ಲ ಸಾವಿರಾರು ವರ್ಷಗಳಲ್ಲಿ ಅಳಿದುಹೋಯಿತು.

ಹಾದಿಯಲ್ಲಿ ಕಲ್ಲಿನ ಹಳೆ ಸೇತುವೆ, ನೀರಿನಿಂದ ತಿರುಗುತ್ತಿದ್ದ ಹಿಟ್ಟಿನ ಗಿರಣಿಗಳ ಪಾಳು ಗೋಡೆ ಸಿಗುತ್ತವೆ. ಅಲ್ಲಿವರೆಗೆ ಅಮ್ಮ ಆರಾಮಾಗಿ ಬರಬಹುದು. ಅವರನ್ನು ನೆರಳಲ್ಲಿ ಕೂರಿಸಿ ಮಗಳ ಜೊತೆ ನೀವು ಇನ್ನೂ ಸ್ವಲ್ಪ ಮೇಲೆ ಹೋಗಿ ಬನ್ನಿ. ಕಲ್ಲು ಒದ್ದೆ, ಪಾಚಿ, ಜೋಪಾನ. ಬೆಳಿಗ್ಗೆ ಏಳೂವರೆಗೆ ಶುರು ಮಾಡಿ. ಹನ್ನೊಂದರೊಳಗೆ ವಾಪಸ್.

ಮಾಲಗಾದಿಂದ ಕಾರಿನಲ್ಲಿ ಸುಮಾರು ಒಂದೂವರೆ ಎರಡು ಗಂಟೆ. ಹಿಂದಿನ ರಾತ್ರಿ ಅಲ್ಹೆಸೀರಾಸ್‌ಗೇ ಬಂದು ಉಳಿದರೆ ಎಲ್ಲರಿಗೂ ಸುಲಭ.

ಎಲೆಮರೆ
ಕನೂತೊ ವಿಷಯ ಓದಿ ಖುಷಿಯಾಯಿತು. ಸಸ್ಯಶಾಸ್ತ್ರ ಓದಿದವರಿಗೆ ಆ ಬೆಟ್ಟಗಳು ಇನ್ನೊಂದು ಕಾರಣಕ್ಕೆ ಗೊತ್ತು. ಸೈಲೋಟಂ ನ್ಯೂಡಂ ಅಂತ ಒಂದು ಗಿಡ. ಬೇರಿಲ್ಲ, ನಿಜವಾದ ಎಲೆಯೂ ಇಲ್ಲ, ಬರೀ ಕವಲೊಡೆದ ಹಸಿರು ಕಡ್ಡಿಗಳು, ಅದರ ಮೇಲೆ ಪುಟ್ಟ ಹಳದಿ ಉಂಡೆಗಳು. ಉಷ್ಣವಲಯದ ಗಿಡ. ನಮ್ಮ ಪಶ್ಚಿಮ ಘಟ್ಟದಲ್ಲಿ ಮರದ ಪೊಟರೆ, ಬಂಡೆ ಸಂದಿಗಳಲ್ಲಿ ಸಿಗುತ್ತದೆ. ಯುರೋಪಿನ ನೆಲದಲ್ಲಿ ಇದು ಇದೆ ಅಂತ ಯಾರಿಗೂ ಗೊತ್ತಿರಲಿಲ್ಲ. ನ್ಯೂಜಿಲೆಂಡ್ ಮೂಲದ ಸಸ್ಯತಜ್ಞೆ ಬೆಟಿ ಮೋಲ್ಸ್‌ವರ್ತ್ ಅಲೆನ್ 1960ರ ದಶಕದಲ್ಲಿ ಅಲ್ಹೆಸೀರಾಸ್ ಸುತ್ತಿನ ಬಂಡೆಗಳಲ್ಲಿ ಅದನ್ನು ಕಂಡರು. ಮೊದಲು ಮಲಯಾದಲ್ಲಿದ್ದವರು. ಅಲ್ಲಿ ನೋಡಿ ಪಳಗಿದ ಕಣ್ಣು, ಇಲ್ಲಿ ಕೂಡಲೇ ಗುರುತು ಹಿಡಿಯಿತು.

ಅದು ಇರುವ ಜಾಗ ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ಇಲ್ಲಿ ಬರೆಯಬೇಡಿ. ಕಿತ್ತುಕೊಂಡು ಹೋಗುವವರು ಎಲ್ಲ ಕಡೆ ಇದ್ದಾರೆ.

ತೀರ್ಥಹಳ್ಳಿ_ಹುಡುಗ
ಉಣುಗು ಇದೆಯಾ ಅಲ್ಲಿ? ನಾವು ಮಂಗನ ಕಾಯಿಲೆಯ ಸೀಮೆಯವರು, ಕಾಡು ಅಂದರೆ ಮೊದಲು ಅದೇ ನೆನಪಾಗುತ್ತದೆ. ನಮ್ಮಜ್ಜಿ ಈಗಲೂ ದರಕು ತಂದವರನ್ನು ಸ್ನಾನ ಮಾಡದೆ ಒಳಗೆ ಬಿಡುವುದಿಲ್ಲ.

ಮಾಲಗಾ_ಕನ್ನಡತಿ
ಇದೆ ತಮ್ಮಾ. ದನ, ಜಿಂಕೆ ಜಾಸ್ತಿ ಇರುವ ಕಡೆಯೆಲ್ಲ ಇದೆ. ವಸಂತ, ಬೇಸಿಗೆಯಲ್ಲಿ ಜೋರು. ಮಂಗನ ಕಾಯಿಲೆ ಇಲ್ಲಿಲ್ಲ, ಆದರೆ ಉಣುಗಿನಿಂದ ಬರುವ ಕ್ರಿಮಿಯನ್ ಕಾಂಗೊ ಜ್ವರ 2016ರಿಂದ ಸ್ಪೇನಿನಲ್ಲಿ ಆಗೊಂದು ಈಗೊಂದು ಕಾಣಿಸಿಕೊಂಡಿದೆ. ಅಪರೂಪ, ಹೆದರಬೇಕಿಲ್ಲ. ಉದ್ದ ಪ್ಯಾಂಟು, ತಿಳಿ ಬಣ್ಣದ್ದು. ಕಾಲುಚೀಲದ ಒಳಗೆ ತೂರಿಸಿ. ಮನೆಗೆ ಬಂದ ಮೇಲೆ ಮಂಡಿ ಹಿಂದೆ, ಕಂಕುಳು, ಕಿವಿ ಹಿಂದೆ ನೋಡಿಕೊಳ್ಳಿ. ಮಕ್ಕಳ ತಲೆಗೂದಲು ಕೂಡ. ನಿಮ್ಮಜ್ಜಿಯ ನಿಯಮ ಇಲ್ಲಿಗೂ ಸರಿಹೊಂದುತ್ತದೆ.

ಇನ್ನೊಂದು ಎಚ್ಚರಿಕೆ, ಇದು ಚಳಿಗಾಲದ ಕೊನೆಗೆ ಬರುವವರಿಗೆ. ಪೈನ್ ಮರ ಇರುವ ಕಡೆ ಕಂಬಳಿಹುಳಗಳು ಮರದಿಂದ ಇಳಿದು ಒಂದರ ಬಾಲಕ್ಕೆ ಒಂದು ತಲೆ ತಾಗಿಸಿ ಉದ್ದಕ್ಕೆ ಸಾಲಾಗಿ ಹೋಗುತ್ತವೆ. ನೋಡಲು ಮಕ್ಕಳಿಗೆ ಬಲು ಖುಷಿ. ಮುಟ್ಟಿದರೆ ಮೈಯೆಲ್ಲ ದದ್ದು, ಕಣ್ಣಿಗೆ ಬಿದ್ದರೆ ಆಸ್ಪತ್ರೆ. ನಾಯಿ ಮೂಸಿದರೆ ಅದರ ನಾಲಿಗೆಯೇ ಹೋಗಬಹುದು. ಕೋಲಿನಿಂದಲೂ ಕೆದಕಬಾರದು, ಕೂದಲು ಗಾಳಿಯಲ್ಲಿ ಹಾರುತ್ತದೆ.

ಊಟದ ಬಗ್ಗೆ ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ. ನಾವು ಸಸ್ಯಾಹಾರಿಗಳು. ಅಲ್ಕಲಾ ದೆ ಲೊಸ್ ಗಸುಲೆಸ್ ಅಂತ ಪಿಕಾಚೊ ಕಡೆಯ ಬಿಳಿ ಸುಣ್ಣದ ಊರು. ಚಳಿಗಾಲ, ವಸಂತದ ಶುರುವಿನಲ್ಲಿ ಅಲ್ಲಿ ತಗರ್ನೀನಾ ಸಿಗುತ್ತದೆ. ಹೊಲದ ಬದಿ ಬೆಳೆಯುವ ಮುಳ್ಳುಸೊಪ್ಪು. ಮುಳ್ಳು ಬಿಡಿಸಿ, ದಂಟು ಬೇಯಿಸಿ, ಬೆಳ್ಳುಳ್ಳಿ, ಹುರಿದ ಬ್ರೆಡ್ಡು, ಜೀರಿಗೆ, ಕೆಂಪು ಮೆಣಸಿನ ಪುಡಿ ಅರೆದು ಹಾಕುತ್ತಾರೆ. ಮಾಂಸ ಹಾಕಿದ್ದೀರಾ ಅಂತ ಕೇಳಿಕೊಳ್ಳಿ. ಜೀರಿಗೆ ಘಮಕ್ಕೆ ಮನೆ ಊಟದ ಸಮಾಧಾನ ಸಿಗುತ್ತದೆ. ಜುಲೈನಲ್ಲಿ ಮಾತ್ರ ಸಿಗದು, ಚಪಾತಿ ಪಲ್ಯ ಕಟ್ಟಿಕೊಂಡು ಹೋಗಿ.

ಹಕ್ಕಿನೋಟ
ಅಕ್ಕಾ, ಜುಲೈನಲ್ಲಿ ಹೋದವರಿಗೂ ಒಂದು ಭಾಗ್ಯ ಇದೆ. ಯುರೋಪಿನಿಂದ ಆಫ್ರಿಕಾಕ್ಕೆ ಹೋಗುವ ದೊಡ್ಡ ಹಕ್ಕಿಗಳು ಅಗಲ ಸಮುದ್ರ ದಾಟಲಾರವು. ರೆಕ್ಕೆಗೆ ಕೆಳಗಿನಿಂದ ಬಿಸಿಗಾಳಿ ಬೇಕು, ಅದು ನೆಲದ ಮೇಲೆ ಮಾತ್ರ. ಹಾಗಾಗಿ ಎಲ್ಲವೂ ಜಿಬ್ರಾಲ್ಟರ್ ಜಲಸಂಧಿಗೆ ಬಂದು ಸೇರುತ್ತವೆ. ಅತಿ ಕಿರಿದಾದ ಕಡೆ 14 ಕಿ.ಮೀ. ಅಷ್ಟೇ. ಜುಲೈ ಕೊನೆಗೆ ಕರಿ ಹದ್ದುಗಳು, ಬಿಳಿ ಕೊಕ್ಕರೆಗಳು ಗುಂಪುಗುಂಪಾಗಿ ದಾಟಲು ಶುರು ಮಾಡುತ್ತವೆ. ಆ ಹದ್ದು ನಮ್ಮ ಬೆಂಗಳೂರಿನ ಆಕಾಶದಲ್ಲಿ ದಿನಾ ಕಾಣುವ ಜಾತಿಯೇ. ಅಲ್ಹೆಸೀರಾಸ್–ತರೀಫಾ ನಡುವೆ ಅಲ್ಗರ್ರೊಬೊ, ಕಸಾಲ್ಯಾ ಅಂತ ಹಕ್ಕಿ ನೋಡುವ ತಾಣಗಳಿವೆ. ಅಮ್ಮನನ್ನೂ ಕರೆದುಕೊಂಡು ಹೋಗಬಹುದು, ನಡಿಗೆ ಇಲ್ಲ.

ಇನ್ನು ರಣಹದ್ದು. ಅಲ್ಕೊರ್ನೊಕಾಲೆಸ್ ಬಂಡೆಗಳಲ್ಲಿ ಗ್ರಿಫನ್ ರಣಹದ್ದುಗಳ ದೊಡ್ಡ ನೆಲೆಗಳಿವೆ. ತಲೆ ಮೇಲೆ ಹತ್ತಾರು ಸುತ್ತುವುದನ್ನು ನೋಡಬಹುದು. ನಾನು ರಾಮನಗರದವನು. ನಮ್ಮ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದು ಧಾಮ ಅಂತ ಘೋಷಿಸಿದರು. ಅಷ್ಟು ಹೊತ್ತಿಗೆ ಅಲ್ಲಿ ಉಳಿದಿದ್ದು ಬೆರಳೆಣಿಕೆ. ದನಗಳಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಅನ್ನುವ ನೋವಿನ ಔಷಧಿ ದೇಶದಾದ್ಯಂತ ರಣಹದ್ದುಗಳನ್ನು ಮುಗಿಸಿತು. ಸತ್ತ ದನ ತಿಂದ ಹಕ್ಕಿಗೆ ಮೂತ್ರಪಿಂಡ ಕೈಕೊಟ್ಟು ಸಾವು. ಭಾರತ ಆ ಔಷಧಿಯನ್ನು ದನಗಳಿಗೆ ಕೊಡುವುದನ್ನು 2006ರಲ್ಲಿ ನಿಷೇಧಿಸಿತು. ಇಷ್ಟೆಲ್ಲ ಗೊತ್ತಾದ ಮೇಲೆ, 2013ರಲ್ಲಿ, ಸ್ಪೇನ್ ಅದೇ ಔಷಧಿಗೆ ಅನುಮತಿ ಕೊಟ್ಟಿತು! ಯುರೋಪಿನ ರಣಹದ್ದುಗಳಲ್ಲಿ ಬಹುಪಾಲು ಇರುವ ದೇಶ ಅದು. ಕತಲೂನ್ಯಾದಲ್ಲಿ ಒಂದು ಮರಿ ಇದರಿಂದಲೇ ಸತ್ತದ್ದು ದಾಖಲಾಗಿದೆ. ಸತ್ತ ಜಾನುವಾರು ವಿಲೇವಾರಿಗೆ ಅಲ್ಲಿ ಬಿಗಿ ನಿಯಮ ಇದೆ, ತೊಂದರೆ ಆಗದು ಅನ್ನುವುದು ಅವರ ವಾದ. ಖಾಲಿ ಬಂಡೆಗಳನ್ನು ನೋಡುತ್ತಾ ಬೆಳೆದ ನನಗೆ ಆ ವಾದ ಒಪ್ಪಿಗೆ ಆಗುವುದಿಲ್ಲ. ಅಲ್ಲಿ ಆಕಾಶ ತುಂಬ ಹಾರುವುದನ್ನು ನೋಡುವವರು ಇದನ್ನೂ ತಿಳಿದಿರಲಿ.

ಇತಿಹಾಸಪ್ರಿಯ
ಹಿಮೆನಾ ದೆ ಲಾ ಫ್ರೊಂತೆರಾ ಅನ್ನುವ ಊರನ್ನು ಬಿಡಬೇಡಿ. ಒಸ್ಗರ್ಗಾಂತಾ ನದಿ ದಂಡೆಯಲ್ಲಿ ಕಾರ್ಖಾನೆಯೊಂದರ ಪಾಳು ಇದೆ. ಹದಿನೆಂಟನೇ ಶತಮಾನದ ಕೊನೆಯಲ್ಲಿ ಸ್ಪೇನಿನ ರಾಜ ಅಲ್ಲಿ ಫಿರಂಗಿ ಗುಂಡು ಎರಕ ಹೊಯ್ಯಿಸಿದ. ಬ್ರಿಟಿಷರ ಕೈಲಿದ್ದ ಜಿಬ್ರಾಲ್ಟರ್‌ಗೆ 1779ರಿಂದ 1783ರವರೆಗೆ ಮುತ್ತಿಗೆ ಹಾಕಿದ್ದರಲ್ಲ, ಅದಕ್ಕೆ. ಅದೇ ವರ್ಷಗಳಲ್ಲಿ ನಮ್ಮಲ್ಲಿ ಹೈದರಲಿ, ಟಿಪ್ಪು ಅದೇ ಬ್ರಿಟಿಷರ ಜೊತೆ ಎರಡನೇ ಮೈಸೂರು ಯುದ್ಧದಲ್ಲಿದ್ದರು. ಎರಡೂ ಕಡೆ ಬ್ರಿಟಿಷರ ಎದುರು ಫ್ರೆಂಚರೂ ಇದ್ದರು.

ಇನ್ನೊಂದು ಲಾ ಸೌಸೇದಾ. ಉದ್ಯಾನದೊಳಗಿನ ಊರು ಅದು. 1936ರಲ್ಲಿ ಅಂತರ್ಯುದ್ಧದಲ್ಲಿ ವಿಮಾನದಿಂದ ಬಾಂಬು ಹಾಕಿ ನಾಶ ಮಾಡಿದರು. ಹತ್ತಿರದ ಎಲ್ ಮರ್ರುಫೊ ಎಂಬ ಜಮೀನಿನಲ್ಲಿ ಹೂತಿದ್ದವರ ಅಸ್ಥಿಗಳನ್ನು 2012ರಲ್ಲಿ ಅಗೆದು ತೆಗೆದರು. ಈಗ ಓಕ್ ಮರಗಳ ನಡುವೆ ಗೋಡೆಗಳು, ಛಾವಣಿ ಹೋದ ಪುಟ್ಟ ಪ್ರಾರ್ಥನಾ ಮಂದಿರ. ಅಲ್ಲಿ ನಡೆಯುವಾಗ ಪಿಕ್ನಿಕ್ ಗಲಾಟೆ ಬೇಡ ಅಂತ ನನ್ನ ಮನವಿ.

ಹಳೇ_ಚಾರಣಿಗ
ಅನುಮತಿ, ಜನರ ಮಿತಿ ಅಂದರೆ ನಮ್ಮ ಹುಡುಗರು ಗೊಣಗುತ್ತಾರೆ. 2024ರ ಜನವರಿಯಲ್ಲಿ ಕುಮಾರ ಪರ್ವತದಲ್ಲಿ ಆದ ಜನಜಾತ್ರೆ ನೋಡಿದ ಮೇಲೆ ನನಗೆ ಗೊಣಗುವ ಮನಸ್ಸಿಲ್ಲ. ಆಮೇಲೆ ಆನ್‌ಲೈನ್ ಬುಕಿಂಗ್, ದಿನಕ್ಕೆ 300 ಜನ ಅಂತ ಮಾಡಿದರು. ಒಳ್ಳೆಯದೇ ಆಯಿತು. ಪಿಕಾಚೊ ಹಾದಿಯಲ್ಲಿ ಜನದಟ್ಟಣೆ ಹೇಗೆ?

ಜಲಸಂಧಿ_ದಡ
ಚಳಿಗಾಲದ ವಾರದ ದಿನ ಹೋದರೆ ಹಾದಿಯಲ್ಲಿ ದನಗಳೇ ಜಾಸ್ತಿ. ಕೆಂಪು ಕಂದು ಬಣ್ಣದ ರೆತಿಂತಾ ತಳಿ. ಅವಕ್ಕೆ ಜಾಗ ಬಿಟ್ಟು ನಿಧಾನಕ್ಕೆ ಹೋಗಿ. ಕರು ಇದ್ದರೆ ಇನ್ನೂ ದೂರದಿಂದ. ಗೇಟು ತೆರೆದಿದ್ದರೆ ತೆರೆದೇ ಇರಲಿ, ಮುಚ್ಚಿದ್ದರೆ ದಾಟಿದ ಮೇಲೆ ಮುಚ್ಚಿ. ಮೊದಲೇ ಹೇಳಿದೆನಲ್ಲ, ನಡೆಯುವುದು ಯಾರದೋ ಜಮೀನಿನಲ್ಲಿ.

ಅಕ್ಟೋಬರಿನಿಂದ ಫೆಬ್ರವರಿ ತನಕ ಬೇಟೆಯ ಕಾಲ. ಬೇಟೆ ಇರುವ ದಿನ ಆ ಭಾಗದ ಹಾದಿ ಮುಚ್ಚುತ್ತಾರೆ. ಬೋರ್ಡು ಕಂಡರೆ ವಾಪಸ್ ತಿರುಗಿ, ವಾದ ಬೇಡ. ಜಿಂಕೆಗಳ ಕೂಗು ಕೇಳಬೇಕು ಅನ್ನುವವರು ಸೆಪ್ಟೆಂಬರ್ ಕೊನೆಗೆ ಸಂಜೆ ಹೊತ್ತು ಬನ್ನಿ. ಗಂಡು ಜಿಂಕೆಗಳು ಗೂಳಿಯಂತೆ ಗುಟುರು ಹಾಕುತ್ತವೆ. ಕಣಿವೆಯ ಈಚೆ ದಡದಲ್ಲಿ ಒಂದು, ಆಚೆ ದಡದಲ್ಲಿ ಇನ್ನೊಂದು. ಕತ್ತಲಾಗುವವರೆಗೆ ಕೂತು ಕೇಳಿದರೂ ಸಾಕೆನ್ನಿಸುವುದಿಲ್ಲ.

ಸಕಲೇಶಪುರದವಳು
ತಮ್ಮನ ಜೊತೆ ಮಾತಾಡಿದೆ. ರಿಯೊ ದೆ ಲಾ ಮಿಯೆಲ್ ಒಂದು ಬೆಳಿಗ್ಗೆ, ಹಕ್ಕಿ ತಾಣ ಅದೇ ಸಂಜೆ. ಪಿಕಾಚೊ ಈ ಸಲ ಬಿಟ್ಟೆವು. ಅವನು ಮಾರ್ಚಿನಲ್ಲಿ ಒಬ್ಬನೇ ಹೋಗುತ್ತಾನಂತೆ, ನನಗೆ ಹೊಟ್ಟೆಕಿಚ್ಚು. ಎರಡು ಸಣ್ಣ ಪ್ರಶ್ನೆ. ಹಿಮೆನಾಕ್ಕೆ ಕಾರಿಲ್ಲದೆ ಹೋಗಬಹುದಾ? ಮತ್ತೆ, ಕಾರ್ಕ್ ಸುಲಿಯುವುದನ್ನು ಮಗಳಿಗೆ ತೋರಿಸಬಹುದಾ? ಅದು ಜುಲೈನಲ್ಲೇ ನಡೆಯುತ್ತದಲ್ಲ.

ಜಲಸಂಧಿ_ದಡ
ಹಿಮೆನಾಕ್ಕೆ ಅಲ್ಹೆಸೀರಾಸ್‌ನಿಂದ ರೈಲು ಇದೆ. ಅಲ್ಹೆಸೀರಾಸ್‌ನಿಂದ ರೋಂದಾ ಮೂಲಕ ಬೊಬದಿಲ್ಯಾಗೆ ಹೋಗುವ ಹಳೆ ಮಾರ್ಗ, 1890ರ ದಶಕದ ಶುರುವಿನಲ್ಲಿ ಬ್ರಿಟಿಷ್ ಕಂಪನಿ ಹಾಕಿದ್ದು. ನಿಲ್ದಾಣ ಊರಿನ ಕೆಳಗಿದೆ, ಮೇಲಿನ ಕೋಟೆಗೆ ಹತ್ತಬೇಕು. ದಿನಕ್ಕೆ ರೈಲು ಕಡಿಮೆ, ವಾಪಸ್ ಬರುವ ಸಮಯ ಮೊದಲು ನೋಡಿಕೊಂಡು ಹೊರಡಿ.

ಸುಲಿತದ ಬಗ್ಗೆ. ತಂಡಗಳು ಖಾಸಗಿ ಜಮೀನಿನಲ್ಲಿ ಕೆಲಸ ಮಾಡುತ್ತಿರುತ್ತವೆ. ಕೇಳದೆ ಒಳಗೆ ಹೋಗುವ ಹಾಗಿಲ್ಲ. ಕೊಡಲಿ ಬೀಸುವ ಜಾಗ, ಮಕ್ಕಳಿಗೆ ಅಪಾಯ. ಪೆಲಾಯೊ ಹತ್ತಿರ ಉಎರ್ತಾ ಗ್ರಾಂದೆ ಸಂದರ್ಶಕರ ಕೇಂದ್ರ ಇದೆ, ನಿಮ್ಮ ಹಕ್ಕಿ ತಾಣದ ದಾರಿಯಲ್ಲೇ. ಅಲ್ಲಿ ವಿಚಾರಿಸಿ. ಆ ವಾರ ಯಾರಾದರೂ ತೋರಿಸುವವರಿದ್ದರೆ ಅವರಿಗೆ ಗೊತ್ತಿರುತ್ತದೆ. ಸಿಗದಿದ್ದರೂ ರಸ್ತೆ ಬದಿ ಹೊಸದಾಗಿ ಸುಲಿದ ಮರಗಳು ಕಂಡೇ ಕಾಣುತ್ತವೆ. ಮಗಳಿಗೆ ಕಾಂಡ ಮುಟ್ಟಿ ನೋಡಲು ಹೇಳಿ, ಉಗುರು ತಾಗಿಸಬಾರದು.

ಹೊರಡುವ ಹಿಂದಿನ ದಿನ ಗಾಳಿ ಯಾವುದು ಅಂತ ನೋಡಿ. ಲೆವಾಂತೆ ಇದ್ದರೆ ಕನೂತೊ ತಂಪಾಗಿರುತ್ತದೆ, ಆದರೆ ಹಕ್ಕಿಗಳು ದಾಟದೆ ದಡದಲ್ಲೇ ಕಾಯುತ್ತವೆ. ಪೊನಿಯೆಂತೆ ಇದ್ದರೆ ಹಕ್ಕಿಗಳನ್ನು ಮೊದಲು ಇಟ್ಟುಕೊಳ್ಳಿ. ನೀರು ತಲೆಗೆ ಎರಡು ಲೀಟರ್. ಏನಾದರೂ ಆದರೆ 112, ನಮ್ಮೂರಿನ ನಂಬರೇ. ಅಲ್ಹೆಸೀರಾಸ್‌ಗೆ ಬಂದಾಗ ಇಲ್ಲೇ ಒಂದು ಸಂದೇಶ ಹಾಕಿ ಅಕ್ಕಾ, ಪಾಳಿ ಇಲ್ಲದಿದ್ದರೆ ಗಿರಣಿವರೆಗೆ ನಾನೂ ಬರುತ್ತೇನೆ.

ಸಕಲೇಶಪುರದವಳು
ಖಂಡಿತ. ಚಪಾತಿ ಪಲ್ಯ ನಿಮ್ಮ ಲೆಕ್ಕಕ್ಕೂ ಸೇರಿಸಿ ಕಟ್ಟುತ್ತೇವೆ. ಅಮ್ಮ ಈಗಲೇ ಚಟ್ನಿಪುಡಿಗೆ ಶೇಂಗಾ ಹುರಿಯಬೇಕು ಅನ್ನುತ್ತಿದ್ದಾರೆ.